ಮನೆ ಅಳಿಯನ ಹೆಸರು

ನನ್ನ ಅಪ್ಪ ಮೈಲೋಸಿ ಈ ಊರಿಗೆ ಅಳಿಯನಾಗಿ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಗುದ್ದಲಿ, ಒಂದು ಚಾಪೆ, ಎರಡು ಅಂಗಿ. ಮೂವತ್ತನಾಲ್ಕು ವರ್ಷ ಕಳೆದು, ಅಮ್ಮ ಎನೆಲೆಸಿ ತೀರಿಕೊಂಡು ವರ್ಷ ತುಂಬುತ್ತಾ ಬಂದಾಗ, ಅವನು ಮತ್ತೆ ಅಷ್ಟನ್ನೇ ಹೊಂದಿಸಿಡತೊಡಗಿದ. ಗುದ್ದಲಿಗೆ ಹೊಸ ಕಾವು ಹಾಕಿದ. ಚಾಪೆಯನ್ನು ಬಿಸಿಲಿಗೆ ಹರಡಿದ. ಅಂಗಿಗಳನ್ನು ತಾನೇ ಒಗೆದು ಹಿತ್ತಲ ತೊಗರಿ ಗಿಡಗಳ ಮೇಲೆ ಒಣಹಾಕಿದ.

"ಇನ್ನೂ ಎರಡು ತಿಂಗಳಿದೆಯಲ್ಲಪ್ಪಾ, ಈಗಲೇ ಯಾಕೆ?" ಎಂದೆ.

"ಕರ್ಕೊಂಡು ಹೋಗೋಕೆ ಬಂದವರನ್ನ ಅಂಗಳದಲ್ಲಿ ಕಾಯಿಸಬಾರದು ಕಣೇ ಫನೇಸಿ," ಎಂದ. ಬೇಜಾರಿನ ದನಿಯೇನಲ್ಲ. ನಾಳೆ ಸಂತೆಗೆ ಹೋಗಬೇಕು ಎನ್ನುವ ಹಾಗೆ.

ಮುಲಾಂಜೆ ಬೆಟ್ಟದ ಈ ಮಗ್ಗುಲಲ್ಲಿ ಹೊಲವೆಲ್ಲ ಹೆಂಗಸರದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ. ಮದುವೆಯಾದ ಗಂಡು ಹೆಂಡತಿಯ ಊರಿಗೆ ಬಂದು ಮನೆ ಕಟ್ಟುತ್ತಾನೆ, ಅಗೆಯುತ್ತಾನೆ, ಬಿತ್ತುತ್ತಾನೆ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡುತ್ತಾನೆ. ಹೆಂಡತಿ ಹೋದಳೆಂದರೆ ವರ್ಷ ತುಂಬಿದ ಮೇಲೆ ಎರಡೂ ಕಡೆಯ ಹಿರಿಯರು ಕೂತು ಅವನನ್ನು ಬಿಡುಗಡೆ ಮಾಡುತ್ತಾರೆ. ಅವನ ಕಡೆಯವರು ಅವನನ್ನು ತಾಯಿಯ ಊರಿಗೆ ಕರೆದುಕೊಂಡು ಹೋಗುತ್ತಾರೆ. ಮನೆ, ಹೊಲ, ಮರ ಎಲ್ಲ ಇಲ್ಲೇ ಉಳಿಯುತ್ತದೆ. ಇದರಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರುವುದಿಲ್ಲ. ನಾನೂ ಹಾಗೆ ಹೋದ ಎಷ್ಟೋ ಗಂಡಸರನ್ನು ನೋಡಿದ್ದೆ. ನನ್ನ ಅಪ್ಪನೂ ಅವರಲ್ಲೊಬ್ಬ ಎಂದು ಮಾತ್ರ ಯಾವತ್ತೂ ಅಂದುಕೊಂಡಿರಲಿಲ್ಲ.

ನನ್ನ ಪುಟ್ಟ ಮಗಳನ್ನು ಬಿಟ್ಟರೆ ಮನೆಯಲ್ಲಿ ಆಗ ನಾವು ಮೂವರೇ: ನಾನು, ಅಪ್ಪ, ಮತ್ತು ಅಮ್ಮನ ತಾಯಿ ನಾಸಿಬೆಕೊ ಅಜ್ಜಿ. ತಂಗಿ ದೂರದ ಪಟ್ಟಣದಲ್ಲಿದ್ದಳು. ನನ್ನ ಗಂಡ ಚಹಾ ತೋಟದ ಲಾರಿಯಲ್ಲಿ ದುಡಿಯುತ್ತಿದ್ದವನು, ತಿಂಗಳಿಗೊಮ್ಮೆ ಬರುತ್ತಿದ್ದ. ಅಜ್ಜಿ ಮತ್ತು ಅಪ್ಪ ಮೂವತ್ತನಾಲ್ಕು ವರ್ಷದಲ್ಲಿ ಎದುರೆದುರು ಒಂದು ಮಾತೂ ಆಡಿದವರಲ್ಲ. ಅತ್ತೆ, ಅಳಿಯ ಮಾತಾಡುವಂತಿಲ್ಲ, ಕೈ ತಾಗಿಸುವಂತಿಲ್ಲ, ಒಂದೇ ಚಾಪೆಯ ಮೇಲೆ ಕೂರುವಂತಿಲ್ಲ. ಅದು ನಮ್ಮಲ್ಲಿ ಮರ್ಯಾದೆ. ಹಾಗಂತ ಅಜ್ಜಿ ಬಾಯಿಗೆ ಬೀಗ ಹಾಕಿಕೊಂಡವಳಲ್ಲ. ಹೇಳಬೇಕಾದ್ದನ್ನೆಲ್ಲ ಕೋಳಿಗಳಿಗೆ ಹೇಳುತ್ತಿದ್ದಳು. "ಏನೇ ಹೇಂಟೆ, ಸೂರಿನ ಹುಲ್ಲು ಸೋರ್ತಾ ಇದೆ, ಹತ್ತಿ ಸರಿಮಾಡೋರು ಯಾರೂ ಇಲ್ವೇನೇ ಈ ಮನೇಲಿ?" ಅಪ್ಪ ಆಚೆ ಗೋಡೆಯ ಹಿಂದೆ ಕೇಳಿಸಿಕೊಂಡು ಏಣಿ ತರುತ್ತಿದ್ದ. ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ ಕಟ್ಟುವಾಗ ದೊಡ್ಡ ಮುದ್ದೆಯನ್ನು ಬಟ್ಟಲಿಗೆ ಹಾಕಿ ನನ್ನ ಕೈಗೆ ಕೊಟ್ಟು, "ಸೂರು ಹತ್ತಿದವರಿಗೆ," ಎನ್ನುತ್ತಿದ್ದಳು, ಅಷ್ಟೆ.

ಆ ವರ್ಷವೇ ನಮ್ಮ ಊರು ನಾಮ್ವೇರಾಕ್ಕೆ ಭೂಮಿಯ ಅಳತೆ ಬಂತು. ಅಲ್ಲಿಯವರೆಗೆ ಯಾರ ಹೊಲ ಎಲ್ಲಿಯವರೆಗೆ ಎನ್ನುವುದು ಕತ್ತಾಳೆ ಸಾಲಿನಲ್ಲಿ, ಹಿರಿಯರ ನೆನಪಿನಲ್ಲಿ ಇತ್ತು. ಇನ್ನು ಮುಂದೆ ಪ್ರತಿ ಕುಟುಂಬದ ನೆಲ ನಕಾಶೆಯಲ್ಲಿ ಬರುತ್ತದೆ, ಮನೆಯವರ ಹೆಸರು ಬರೆದು ಪತ್ರ ಕೊಡುತ್ತಾರೆ ಎಂದರು. ಊರಿನ ಭೂಸಮಿತಿಗೆ ಆರು ಜನರನ್ನು ಆರಿಸಿದರು. ಮೂವರು ಹೆಂಗಸರಲ್ಲಿ ನಾನೂ ಒಬ್ಬಳು. ನನಗೆ ಓದು ಬರಹ ಬರುತ್ತದೆ, ಕಿರುಚುವುದಿಲ್ಲ ಎನ್ನುವ ಕಾರಣಕ್ಕೆ.

ಸುದ್ದಿ ಕೇಳಿ ಗೆಲೆಸೋನಿ ಮಾವ ತನ್ನ ಹೆಂಡತಿಯ ಊರಿನಿಂದ ಸೈಕಲ್ ತುಳಿದುಕೊಂಡು ಬಂದ. ಅವನು ಅಮ್ಮನ ಅಣ್ಣ. ಅಕ್ಕತಂಗಿಯರ ಕಷ್ಟಸುಖ ನೋಡಿಕೊಳ್ಳುವುದು, ಮನೆಯ ಪರವಾಗಿ ಮಾತಾಡುವುದು ಸೋದರಮಾವನ ಕೆಲಸ.

"ಪತ್ರದಲ್ಲಿ ನಿನ್ನ ಅಜ್ಜಿ ಹೆಸರು, ನಿನ್ನ ಹೆಸರು, ನಿನ್ನ ತಂಗಿ ಹೆಸರು," ಎಂದು ಬೆರಳು ಮಡಚಿದ. "ಭಾವನ ಬಿಡುಗಡೆ ಅಳತೆಗೆ ಮುಂಚೆ ಆಗಿಬಿಟ್ರೆ ಒಳ್ಳೇದು."

"ಅಷ್ಟು ಅವಸರ ಏನು ಮಾವ?"

"ಫನೇಸಿ, ನನಗೇನು ಮೈಲೋಸಿ ಮೇಲೆ ದ್ವೇಷನಾ? ಬಂಗಾರದಂಥ ಮನುಷ್ಯ. ಆದ್ರೆ ಕಾಗದದಲ್ಲಿ ಅವನ ಹೆಸರು ಒಂದ್ಸಲ ಕೂತ್ರೆ, ನಾಳೆ ಅವನ ಅಕ್ಕನ ಮಕ್ಕಳು ಮುಲೋಝಾದಿಂದ ಬಂದು 'ನಮ್ಮ ಮಾವನ ಹೊಲ' ಅಂತಾರೆ. ಆಗ ಕೋರ್ಟು ಮೆಟ್ಟಿಲು ಹತ್ತೋಳು ನೀನು, ನಿನ್ನ ಮಗಳು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ. "ಮಾವ ಹೇಳೋದು ಸರಿ ಇದೆ. ಭಾನುವಾರ ನನ್ನೂರಿಗೆ ಹೋಗಿ ಜಾಗ ನೋಡ್ಕೊಂಡು ಬರೋಣ, ನೀನೂ ಬಾ," ಎಂದ.

ಮಿನಿಬಸ್ಸು ಬೆಟ್ಟ ಸುತ್ತಿ ಮುಲೋಝಾ ಕಡೆಗೆ ಇಳಿಯುವವರೆಗೂ ಅಪ್ಪ ಕಿಟಕಿಯ ಪಕ್ಕ ಕೂತು ನನಗೆ ಆ ಊರನ್ನು ತೋರಿಸಲು ಸಿದ್ಧನಾಗುತ್ತಿದ್ದ. ತಾನು ಈಜಿದ ಹಳ್ಳ, ಪೇರಲ ಕದ್ದ ಮಿಷನ್ ತೋಟ. ಅವನ ಅಕ್ಕ ಬೆಲಿತಾ ತಮ್ಮನನ್ನು ಕಂಡು ಎರಡೂ ಕೈ ಹಿಡಿದು ಅತ್ತಳು. ಅವಳ ಹೆಣ್ಣುಮಕ್ಕಳು ಸಿಹಿ ಅಂಬಲಿ ಕೊಟ್ಟು, ಮಂಡಿಯೂರಿ ಮಾತಾಡಿಸಿದರು. ಆಮೇಲೆ ಮನೆಯ ಹಿಂದಿನ ಮೂಲೆ ತೋರಿಸಿದರು. ಹಂದಿ ಗೂಡಿನ ಆಚೆ, ಕಲ್ಲು ತುಂಬಿದ ಇಳಿಜಾರು. ಗುಡಿಸಲಿಗೆ ಸಾಕು, ತೊಗರಿ ಹಾಕಲು ನಾಲ್ಕು ಹೆಜ್ಜೆ ಜಾಗವಿಲ್ಲ.

"ಬೇರೆ ಕಡೆ ಎಲ್ಲ ಮಕ್ಕಳಿಗೆ ಹಂಚಿ ಆಗಿದೆ ಮಾವ," ಎಂದಳು ದೊಡ್ಡವಳು, ಮುಖ ಕೆಳಗೆ ಹಾಕಿ. "ಬೇಜಾರು ಮಾಡ್ಕೋಬೇಡಿ."

"ಬೇಜಾರು ಯಾತಕ್ಕೆ ತಾಯಿ? ನನಗೆಷ್ಟು ಬೇಕು ಮಹಾ?" ಎಂದು ಅಪ್ಪ ಒಂದು ಕಲ್ಲೆತ್ತಿ ಪಕ್ಕಕ್ಕಿಟ್ಟ. ಅಲ್ಲೇ ಕೆಲಸ ಶುರುಮಾಡಿದವನ ಹಾಗೆ.

ಹಳ್ಳ ತೋರಿಸುತ್ತೇನೆ ಎಂದು ನನ್ನನ್ನು ಕರೆದುಕೊಂಡು ಹೊರಟ. ಎಲ್ಲೆಲ್ಲೂ ನೀಲಗಿರಿ ತೋಪು, ತಂತಿ ಬೇಲಿ. ಎರಡು ಸಲ ದಾರಿ ತಪ್ಪಿದ. ತಲೆಯ ಮೇಲೆ ಸೌದೆ ಹೊತ್ತು ಬರುತ್ತಿದ್ದ ಹುಡುಗಿಯೊಬ್ಬಳನ್ನು ನಿಲ್ಲಿಸಿ ಹಳ್ಳ ಎಲ್ಲಿ ಎಂದು ಕೇಳಿದ. ಅವಳು ಕೈ ತೋರಿಸಿ, "ಯಾವೂರು ಅಜ್ಜಾ ನಿಮ್ಮದು?" ಎಂದಳು.

"ನಾಮ್ವೇರಾ," ಎಂದ ಅಪ್ಪ.

ಹುಡುಗಿ ಹೋದಳು. ಅಪ್ಪ ನಾಲ್ಕು ಹೆಜ್ಜೆ ಹೋಗಿ ನಿಂತ. ತಾನು ಏನು ಹೇಳಿದೆ ಎನ್ನುವುದು ಆಗ ಅವನಿಗೆ ಕೇಳಿಸಿತು ಅಂತ ಕಾಣುತ್ತದೆ. ಹಳ್ಳದವರೆಗೆ ನಾವು ಹೋಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ತಿರುಗಿದೆವು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

ನಮ್ಮ ಹೊಲದ ಅಳತೆ ಚಳಿಗಾಲದ ನಡುವೆ, ಜುಲೈ ತಿಂಗಳಲ್ಲಿ ಬಿತ್ತು. ಬೆಟ್ಟದಿಂದ ಇಳಿದ ಚಳಿಮಂಜು ಬೆಳಗಿನಿಂದ ತುಂತುರು ಹನಿಸುತ್ತಿತ್ತು. ಬಿಡುಗಡೆಯ ದಿನಕ್ಕೆ ಇನ್ನೂ ಹತ್ತು ದಿನ ಉಳಿದಿತ್ತು. ಭೂಮಾಪನದ ಗುಮಾಸ್ತೆ ಲಿನೆಸಿ ಎಂಬ ಹೆಂಗಸು ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿ, ಟ್ಯಾಬ್ಲೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಡಿದು ಬಂದಳು. ಸಮಿತಿಯ ಉಳಿದ ಐವರು, ಅಕ್ಕಪಕ್ಕದ ಹೊಲದವರು, ನೋಡಲು ಬಂದವರು ಎಲ್ಲ ಸೇರಿ ಮೂವತ್ತು ಜನ. ನಮ್ಮದೇ ಮನೆಯ ಸರದಿಯಾದ್ದರಿಂದ ನಾನು ಸಮಿತಿಯಿಂದ ಸರಿದು ಮನೆಯವರ ಜೊತೆ ನಿಂತೆ.

"ಎಲ್ಲಿಂದ ಶುರು? ಗಡಿ ತೋರಿಸೋರು ಯಾರು?" ಎಂದಳು ಲಿನೆಸಿ.

ಗೆಲೆಸೋನಿ ಮಾವ ಮುಂದೆ ಬಂದು ಮಾವಿನ ಮರದ ಕಡೆ ನಡೆದ. ಅಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಇಪ್ಪತ್ತರ ವಯಸ್ಸಿಗೆ ಹೆಂಡತಿಯ ಊರಿಗೆ ಹೋದವನು. ಅವನು ಆಡಿದ ಹೊಲ ಬೇರೆ, ಈಗಿನ ಹೊಲ ಬೇರೆ. ಅಜ್ಜಿಗೆ ಗಡಿ ಗೊತ್ತು, ಆದರೆ ಕಣ್ಣಿಗೆ ಪೊರೆ ಬಂದಿತ್ತು. ನಾನು ಗಡಿಯ ಒಂದು ಬದಿ ಬಲ್ಲೆ, ಮೂರು ಬದಿ ಬಲ್ಲವಳಲ್ಲ. ಕೊನೆಗೆ ಮಾವನೇ ಗಂಟಲು ಸರಿಮಾಡಿಕೊಂಡು, "ಭಾವಾ, ಸ್ವಲ್ಪ ಬಂದು ತೋರಿಸಿಬಿಡು," ಎಂದ.

ಜನರ ಹಿಂದೆ ನಿಂತಿದ್ದ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದ. ಅವನು ನಡೆದ ಹಾಗೆ ಲಿನೆಸಿ ಹಿಂದೆ ನಡೆದಳು. ಈ ಕಲ್ಲು. ಈ ಕಟ್ಟಿದ ಬದು. ಇಲ್ಲಿಂದ ಆ ಬಾಳೆಗುಂಪು. ಎಲ್ಲೂ ತಡವರಿಸಲಿಲ್ಲ. ಕತ್ತಲಲ್ಲಿ ತನ್ನ ಮನೆಯೊಳಗೆ ಓಡಾಡುವವನ ಹಾಗೆ ನಡೆದ. ಕೆಳಗಿನ ಬದಿಗೆ, ಪಕ್ಕದ ಎಸ್ತೇಲೆಯ ಹೊಲದ ಅಂಚಿಗೆ ಬಂದಾಗ ಕತ್ತಾಳೆ ಸಾಲು ದಾಟದೆ, ಅದಕ್ಕೂ ಈಚೆ ಮೂರು ಸಾಲು ಬಿಟ್ಟು ನಿಂತ.

"ಇಲ್ಲಿ," ಎಂದ.

"ಕತ್ತಾಳೆ ಅಲ್ಲಿದೆಯಲ್ಲ ಭಾವಾ!" ಮಾವ ಕೂಗಿದ.

"ಅದು ಸುಳ್ಳು ಕತ್ತಾಳೆ. ಚಂಡಮಾರುತದ ವರ್ಷ ಕೆಸರು ಬಂದು ಹಳೇ ಸಾಲು ಕೊಚ್ಕೊಂಡು ಹೋಯ್ತು. ಮತ್ತೆ ನೆಡುವಾಗ ಅಂದಾಜಲ್ಲಿ ಆಚೆ ನೆಟ್ಟುಬಿಟ್ಟೆ. ಆಮೇಲೆ ಗೊತ್ತಾಯ್ತು. ಎನೆಲೆಸಿ ಬೈತಾನೇ ಇದ್ಲು, ಕಿತ್ತು ನೆಡು, ಕಿತ್ತು ನೆಡು ಅಂತ. ನಾನು ನಾಳೆ ಅಂತಿದ್ದೆ." ಎಸ್ತೇಲೆಯ ಕಡೆ ತಿರುಗಿದ. "ಈ ಮೂರು ಸಾಲು ನಿನ್ನದು ತಂಗಿ. ಮೂರು ವರ್ಷದ ತೊಗರಿ ನಾವು ತಿಂದ್ವಿ. ಮನಸ್ಸಲ್ಲಿ ಇಟ್ಕೋಬೇಡ."

ಎಸ್ತೇಲೆ ಬಾಯಿ ತೆರೆದು ನಿಂತಳು. ಅವಳಿಗೇ ಅದು ಗೊತ್ತಿರಲಿಲ್ಲ.

"ಹೋಗೋ ಹೊತ್ತಿಗೆ ನಮ್ಮ ನೆಲಾನೂ ಹಂಚಿ ಹೋಗ್ತಿದ್ದಾನಲ್ಲಪ್ಪ ಇವನು," ಎಂದು ಮಾವ ಗೊಣಗಿದ. ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಅಪ್ಪ ಟೋಪಿಯ ಅಂಚನ್ನು ತಿರುಗಿಸುತ್ತಾ ನಿಂತ.

ಮತ್ತೆ ಮಾವಿನ ಮರದ ಕೆಳಗೆ ಸೇರಿದೆವು. ಲಿನೆಸಿ ಹೆಸರು ಬರೆಯಲು ಕೂತಳು. ಮಾವ ಮೂರು ಹೆಸರು ಹೇಳಿದ, ಬರೆದಳು. ಆಮೇಲೆ ಕನ್ನಡಕ ಮೇಲೆ ಮಾಡಿ, "ಈ ನೆಲದಲ್ಲಿ ವಾಸ ಇರೋ ಹಕ್ಕು ಇನ್ಯಾರಿಗಾದ್ರೂ ಇದೆಯಾ? ಇಲ್ಲೊಂದು ಸಾಲು ಇದೆ. ಮನೆಯವರು ಒಪ್ಪಿ ಹೇಳಿದ್ರೆ ಬರೀತೀನಿ," ಎಂದಳು.

"ಯಾರೂ ಇಲ್ಲ," ಎಂದ ಮಾವ.

"ಇದಾರೆ," ಎಂದೆ ನಾನು. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಗಡಿ ತೋರಿಸಿದವರು ಇದಾರೆ."

"ಫನೇಸಿ, ಬೇಡ," ಎಂದ ಅಪ್ಪ ತಕ್ಷಣ. "ಪದ್ಧತಿ ಅಂತ ಒಂದಿದೆ. ನನ್ನಿಂದ ಈ ಮನೇಲಿ ಜಗಳ ಬೇಡ."

"ಪದ್ಧತಿ!" ಎಂದಳು ಅಜ್ಜಿ.

ಅವಳು ಹೆಂಗಸರ ಚಾಪೆಯ ಮೇಲೆ, ಅಪ್ಪನಿಗೆ ಬೆನ್ನು ಹಾಕಿ ಕೂತಿದ್ದಳು. ಕೋಲೂರಿ ಎದ್ದಳು. ನಾನು ಹಿಡಿದುಕೊಳ್ಳಲು ಹೋದರೆ ಕೈ ತಳ್ಳಿದಳು.

"ಮೇಡಂ, ನೀವು ಬರ್ಕೋತಿದೀರಾ? ಬರ್ಕೊಳ್ಳಿ. ಚಂಡಮಾರುತದ ದಿನ ಬೆಳಿಗ್ಗೆ ಬೆಟ್ಟದಿಂದ ಕಲ್ಲು, ಕೆಸರು ಇಳೀತಲ್ಲ, ಎಲ್ಲರೂ ಚರ್ಚಿನ ದಿಬ್ಬಕ್ಕೆ ಓಡಿದ್ರು. ನನ್ನ ಮಗಳು, ಮೊಮ್ಮಗಳು ಕೂಸನ್ನ ಎತ್ಕೊಂಡು ಮುಂದೆ ಹೋದ್ರು. ನಾನು ಹಿಂದೆ ಉಳಿದೆ. ಆಮೇಲೆ ದಿಬ್ಬಕ್ಕೆ ಹೇಗೆ ಬಂದೆ ಅಂತ ಎಲ್ಲರೂ ಕೇಳಿದ್ರು. ನಾನೇನಂದೆ?"

"ನಾನೇ ನಡ್ಕೊಂಡು ಬಂದೆ ಅಂದ್ರಿ," ಎಂದಳು ಎಸ್ತೇಲೆ. "ಊರೆಲ್ಲ ಹೇಳ್ಕೊಂಡು ತಿರುಗಿದ್ರಿ."

"ಸುಳ್ಳು ಹೇಳಿದೆ. ಎದೆ ಮಟ್ಟ ಕೆಸರಿನಲ್ಲಿ ಯಾವ ಮುದುಕಿ ನಡೀತಾಳೆ? ಇವನು ಹೊತ್ಕೊಂಡು ಬಂದ. ಬೆನ್ನ ಮೇಲೆ. ಕೂಸನ್ನ ಹೊತ್ತ ಹಾಗೆ, ನನ್ನ ಬಟ್ಟೇಲೇ ನನ್ನನ್ನ ತನ್ನ ಸೊಂಟಕ್ಕೆ ಬಿಗಿದು." ಜನರಲ್ಲಿ ಯಾರೋ ಉಸಿರೆಳೆದುಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. "ನಗ್ರೇ, ನಗ್ರಿ. ಅಳಿಯನ ಬೆನ್ನೇರಿದ ಅತ್ತೆ ನಾನು. ದಿಬ್ಬದ ಹಿಂದೆ ಇಳಿಸಿ, ಇನ್ನೊಂದು ದಾರೀಲಿ ಹೋಗ್ಬಿಟ್ಟ, ಯಾರಿಗೂ ಗೊತ್ತಾಗಬಾರದು ಅಂತ. ನನ್ನ ಮರ್ಯಾದೆ ಉಳಿಸೋಕೆ. ಹೆಂಡತಿಗೂ ಹೇಳಿಲ್ಲ. ಹೇಳಿದ್ಯೇನೋ?"

ಕೊನೆಯ ಮಾತಿಗೆ ಅವಳು ತಿರುಗಿದ್ದಳು. ಪೊರೆ ಕಟ್ಟಿದ ಕಣ್ಣು ಅಪ್ಪನ ಮುಖವನ್ನು ಹುಡುಕುತ್ತಿತ್ತು. ಅಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅತ್ತೆ ಕೇಳಿದ ಪ್ರಶ್ನೆಗೆ ಅಳಿಯ ಹೇಗೆ ಉತ್ತರ ಕೊಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಇಲ್ಲಮ್ಮ," ಎಂದ, ನೆಲ ನೋಡುತ್ತಾ.

"ನನ್ನನ್ನ ಬೆನ್ನ ಮೇಲೆ ಹೊತ್ತವರು ಇಬ್ಬರೇ," ಎಂದಳು ಅಜ್ಜಿ. "ಒಬ್ಬಳು ನನ್ನ ಹೆತ್ತವಳು. ಇನ್ನೊಬ್ಬ ಇವನು. ಇವನನ್ನ ಯಾರಿಗೆ ಒಪ್ಪಿಸಲಿ ನಾನು? ಮೈಲೋಸೀ, ನೀನು ಎಲ್ಲಿಗೂ ಹೋಗಬೇಡ."

ಅಪ್ಪ ಟೋಪಿಯನ್ನು ಮುಖಕ್ಕೆ ಹಿಡಿದ. ಅವನ ಭುಜ ಅಲುಗುವುದು ಕಾಣುತ್ತಿತ್ತು. ಅಮ್ಮ ಸತ್ತಾಗಲೂ ನಾನು ಅವನನ್ನು ಹಾಗೆ ನೋಡಿರಲಿಲ್ಲ. ಪಕ್ಕಕ್ಕೆ ಹೋಗಿ ಅವನ ತೋಳು ಹಿಡಿದು ನಿಂತೆ.

"ಹೆಸರು ಬೇಡ," ಎಂದ ಟೋಪಿಯೊಳಗಿಂದಲೇ. "ಇರೋಕೆ ಬಿಟ್ರೆ ಸಾಕು."

"ಬಿಟ್ರೆ ಸಾಕು ಅಂದವರನ್ನೇ ಆಮೇಲೆ ಕಳಿಸೋದು, ಅಣ್ಣಾ," ಎಂದಳು ಲಿನೆಸಿ. "ನಮ್ಮಪ್ಪನೂ ಹಂಗೇ ಅಂದಿದ್ರು. ಬರೆಸಿಕೊಳ್ಳಿ."

"ಅಕ್ಕನ ಮಕ್ಕಳು..." ಎಂದು ಮಾವ ಶುರುಮಾಡಿದ.

"ಅವರ ಜೀವ ಇರೋವರೆಗೆ ಮಾತ್ರ ಅಂತ ಬರೀತೀನಿ. ಯಾರಿಗೂ ಮುಂದೆ ಹೋಗಲ್ಲ. ಹೊಲ ಹೆಣ್ಣುಮಕ್ಕಳದ್ದೇ. ಇನ್ನೇನು ಭಯ ನಿಮಗೆ?"

ಮಾವ ಗಡ್ಡ ಕೆರೆದುಕೊಂಡ. ಅಷ್ಟರಲ್ಲಿ ಎಸ್ತೇಲೆ ಸೊಂಟದ ಮೇಲೆ ಕೈಯಿಟ್ಟು, "ಗೆಲೆಸೋನಿ, ನಿನ್ನ ಹೆಂಡತಿ ಊರಲ್ಲೂ ಮುಂದಿನ ತಿಂಗಳು ಅಳತೆ ಅಂತೆ! ಅಲ್ಲಿ ನೀನು ಮಾತಾಡೋ ಸೋದರಮಾವನೋ, ಟೋಪಿ ಹಿಡ್ಕೊಂಡು ಹಿಂದೆ ನಿಲ್ಲೋ ಅಳಿಯನೋ?" ಎಂದಳು.

ಜನ ಹೋ ಎಂದು ನಕ್ಕರು. ನಗುತ್ತಿದ್ದ ಗಂಡಸರೆಲ್ಲ ಮನೆ ಅಳಿಯಂದಿರೇ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಮಾವ ಬಗ್ಗಿ ಒಂದು ಕಡ್ಡಿ ಎತ್ತಿಕೊಂಡ, ಮುರಿದ, ಎಸೆದ.

"ಬರೀರಿ ಮೇಡಂ," ಎಂದ. "ಮೈಲೋಸಿ. ಇರೋವರೆಗೆ. ಸರಿಯಾಗಿ ಬರೀರಿ, ಅಕ್ಷರ ತಪ್ಪಬಾರದು."

ಹತ್ತು ದಿನದ ಮೇಲೆ ಮುಲೋಝಾದಿಂದ ಬೆಲಿತಾ ಮತ್ತು ಇಬ್ಬರು ಹಿರಿಯರು ಅಪ್ಪನನ್ನು ಕರೆದೊಯ್ಯಲು ಬಂದರು. ಹಿರಿಯರು ಕೂತು ಮಾತಾಡಿದರು. ನಿನ್ನ ತಮ್ಮನನ್ನು ಇಲ್ಲೇ ಉಳಿಸಿಕೊಳ್ಳುತ್ತೇವೆ ಎಂದು ಅಜ್ಜಿ ಹೇಳಿಸಿದಾಗ ಬೆಲಿತಾ ನನ್ನನ್ನು ಪಕ್ಕಕ್ಕೆ ಕರೆದಳು. "ನನ್ನ ಹತ್ತಿರ ಕೊಡೋಕೆ ಕಲ್ಲು ಬಿಟ್ರೆ ಏನೂ ಇರ್ಲಿಲ್ಲ," ಎಂದಳು ನನ್ನ ಕಿವಿಯಲ್ಲಿ. "ಹದಿನೈದು ದಿನದಿಂದ ನಿದ್ದೆ ಮಾಡಿಲ್ಲ ಕಣೇ." ಕೋಳಿ ಕೊಯ್ದು ಉಂಡೆವು. ಹೋಗುವಾಗ ತೊಗರಿಯ ಚೀಲವೊಂದನ್ನು ಅಪ್ಪನೇ ಬಸ್ಸಿನವರೆಗೆ ಹೊತ್ತ.

ಪತ್ರ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಒಂದು ಸಲ ಅಪ್ಪನ ಹೆಸರನ್ನು ಮಾಲೋಸಿ ಎಂದು ಅಚ್ಚು ಹಾಕಿಸಿ ತಂದರು. ನಾನು ಜಿಲ್ಲಾ ಕೇಂದ್ರವಾದ ಬೊಮಾದ ಕಚೇರಿಗೆ ಮೂರು ಸಲ ಅಲೆದು ತಿದ್ದಿಸಿದೆ. ಅಪ್ಪನಿಗೆ ಓದಲು ಬರುವುದಿಲ್ಲ. ಎಲ್ಲಿದೆ ತೋರಿಸು ಎಂದ. ತೋರಿಸಿದೆ. ಬೆರಳಿಟ್ಟು ನೋಡಿ, "ಇಷ್ಟೇನಾ?" ಎಂದು ನಕ್ಕು ಮಡಚಿ ಕೊಟ್ಟ.

ಅಜ್ಜಿ ಅದನ್ನು ಕೈಯಲ್ಲಿ ಸವರಿ ನೋಡುವವರೆಗೆ ಇದ್ದಳು. ಮುಂದಿನ ಚಳಿಗಾಲದಲ್ಲಿ ಹೋದಳು. ಅವಳ ಗುಂಡಿ ತೋಡಿದವರಲ್ಲಿ ಅಪ್ಪನೂ ಒಬ್ಬ. ಅಳಿಯಂದಿರು ಗುಂಡಿಗೆ ಇಳಿಯುವುದಿಲ್ಲ, ಅದು ಮಕ್ಕಳ ಕೆಲಸ. ಅವನು ಇಳಿದಾಗ ಯಾರೂ ಬೇಡ ಎನ್ನಲಿಲ್ಲ.

ಆ ವರ್ಷ ಮೊದಲ ಮಳೆಗೆ ಅಪ್ಪ ಬೆಣ್ಣೆಹಣ್ಣಿನ ಸಸಿ ಮಾಡಿದ. ಹಳೆಯ ಹಾಲಿನ ಪೊಟ್ಟಣಗಳಲ್ಲಿ ಮಣ್ಣು ತುಂಬಿ ಒಟ್ಟು ಹದಿನೆಂಟು. ಕಾಯಿ ಬಿಡಲು ಆರೇಳು ವರ್ಷ ಬೇಕು. ಅರವತ್ತರ ಮೇಲಿನ ಮನುಷ್ಯ ಯಾರಿಗಾಗಿ ನೆಡುತ್ತಿದ್ದೀಯಾ ಎಂದು ಕೇಳಬೇಕೆಂದುಕೊಂಡವಳು ಪೊಟ್ಟಣಗಳಿಗೆ ನೀರು ಹಾಕಿದೆ.

ಒಂದು ಭಾನುವಾರ ಗೆಲೆಸೋನಿ ಮಾವ ಬಂದ. ಹೆಂಡತಿಯ ಮನೆಯವರು ಅವನ ಹೆಸರನ್ನು ಬರೆಸಿರಲಿಲ್ಲ, ನೋಡೋಣ ಎಂದಿದ್ದರಂತೆ. ಈಗ ತಿದ್ದುಪಡಿಗೆ ಅವಕಾಶ ಬಂದಿತ್ತು. ಅಪ್ಪನ ಪಕ್ಕ ಕುಕ್ಕರುಗಾಲಿನಲ್ಲಿ ಸಸಿಗಳ ಎಲೆ ಮುಟ್ಟುತ್ತಾ ಕೂತ.

"ಹೇಗೆ ಕೇಳೋದು ಭಾವಾ?"

"ಗೊತ್ತಿಲ್ಲ. ನಾನು ಕೇಳಿರ್ಲಿಲ್ಲವಲ್ಲ."

"ನಮ್ಮತ್ತೆ ಗಟ್ಟಿಮುಟ್ಟಾಗಿದಾಳೆ. ಹೊರೋ ಸಂದರ್ಭ ಬರೋ ಹಾಗೆ ಕಾಣಲ್ಲ."

ಅಪ್ಪ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಎರಡು ಸಸಿ ಆರಿಸಿ, ಬುಡ ಒತ್ತಿ, ಮಾವನ ಮುಂದಿಟ್ಟ. "ತಗೊಂಡು ಹೋಗಿ ಅಂಗಳದಲ್ಲಿ ನೆಡು."

"ಹೆಸರು ಬರೀದೇ ಇದ್ರೆ?"

"ನಿನ್ನ ಮಕ್ಕಳು ತಿಂತಾರೆ."

ಮಾವ ಆ ಎರಡನ್ನೂ ಸೈಕಲ್ಲಿನ ಕ್ಯಾರಿಯರಿಗೆ ಹಳೆಯ ಟ್ಯೂಬಿನಿಂದ ಕಟ್ಟಿದ. ನಾನು ಅಂಗಳದ ಅಂಚಿನವರೆಗೆ ಹೋಗಿ ನೋಡುತ್ತಿದ್ದೆ. ಇಳಿಜಾರಿನಲ್ಲಿ ಸೈಕಲ್ಲು ಜೋಲಿ ಹೊಡೆಯಿತು. ತಿರುವಿನಲ್ಲಿ ಅವನು ಇಳಿದ, ಹಿಂದೆ ಬಗ್ಗಿ ಸಸಿಗಳು ವಾಲಿವೆಯೇ ಎಂದು ನೋಡಿದ, ಒಂದನ್ನು ನೆಟ್ಟಗೆ ಮಾಡಿದ, ಮತ್ತೆ ಹತ್ತಿ ಹೊರಟ.